‘ಅನ್ಯಾಯ ಅಲ್ವಾ ಅಣ್ಣಾ?’: ಚಿಕ್ಕಬಳ್ಳಾಪುರದ ಒಂದು ಸಂಡೇ ಸ್ಕೂಲ್ ಪ್ರಕರಣ

ದೇವಶಾಸ್ತ್ರ ಕಾಲೇಜಿನಲ್ಲಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ಪಾಸ್ಟರಾಗಲು ಓದುವ ಪದವಿ) ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಚಿಕ್ಕಬಳ್ಳಾಪುರ ತಾಲ್ಲೂಕಿನ ಸಣ್ಣ ಸಭೆಯೊಂದಕ್ಕೆ, ಅಂದರೆ ಒಂದು ಚರ್ಚಿಗೆ, ಫೀಲ್ಡ್ ವರ್ಕ್‌ಗೆ ಹಾಕಿದ್ದರು. ಶನಿವಾರ ಸಂಜೆ ಬೆಂಗಳೂರಿನಿಂದ ಬಸ್ಸಿನಲ್ಲಿ ಬರಬೇಕು. ಭಾನುವಾರ ಬೆಳಗ್ಗೆ ಮಕ್ಕಳಿಗೆ ಬೈಬಲ್ ಕಲಿಸುವ ಸಂಡೇ ಸ್ಕೂಲ್ ನಡೆಸಬೇಕು, ಆರಾಧನೆಯಲ್ಲಿ ಅಯ್ಯನವರಿಗೆ (ಸಭೆಯ ಪಾಸ್ಟರಿಗೆ) ನೆರವಾಗಬೇಕು, ಮಧ್ಯಾಹ್ನ ಒಂದೆರಡು ಮನೆ ಭೇಟಿ ಮುಗಿಸಿ ಹಾಸ್ಟೆಲ್‌ಗೆ ವಾಪಸ್. ಬೇಸಿಗೆ ರಜೆಯಲ್ಲಿ ವಿ.ಬಿ.ಎಸ್. (ಮಕ್ಕಳ ರಜಾ ಬೈಬಲ್ ಶಿಬಿರ) ನಡೆಸಿ ವರದಿ ಕೊಡಬೇಕು. ಅವನ ಕೆಲಸ ನೋಡಿ ಅಂಕ ಹಾಕುವ ಮೇಲ್ವಿಚಾರಣೆ ನನ್ನದು.

ಅವನು ಬಂದು ಮೂರ್ನಾಲ್ಕು ತಿಂಗಳಾಗುವ ಹೊತ್ತಿಗೆ ಸಂಡೇ ಸ್ಕೂಲ್ ಮಕ್ಕಳು ಅರ್ಧಕ್ಕೆ ಇಳಿದಿದ್ದರು. ಅದೇ ಸಮಯದಲ್ಲಿ ಅವನ ಪ್ರಸಂಗಗಳನ್ನು (ಆರಾಧನೆಯಲ್ಲಿ ಮಾಡುವ ಉಪದೇಶಗಳನ್ನು) ಸಭೆಯವರು ಬಾಯಿ ತುಂಬಾ ಹೊಗಳುತ್ತಿದ್ದರು. ‘ಇಂಥವರನ್ನೇ ಕಳಿಸಿ ಸರ್’ ಅಂತ ಹಿರಿಯರೊಬ್ಬರು ನನಗೆ ಫೋನ್ ಮಾಡಿ ಹೇಳಿದರು. ಪ್ರಸಂಗಪೀಠದಲ್ಲಿ ಗೆದ್ದವನು ಮಕ್ಕಳ ಚಾಪೆಯ ಮೇಲೆ ಯಾಕೆ ಸೋತ ಅನ್ನೋದೇ ಈ ಪ್ರಕರಣ. ಸಭೆಯ ಹೆಸರು, ಕಾಲೇಜಿನ ಹೆಸರು ಇಲ್ಲಿ ಬೇಡ. ಇದು ಯಾವ ಊರಿನಲ್ಲಿ ಬೇಕಾದರೂ ಆಗಬಹುದು.

ಸಭೆ ಮತ್ತು ಊರು

ಈ ಭಾಗದ ಸಭೆಗಳಿಗೆ ಒಂದೊಂದಕ್ಕೂ ಒಂದೊಂದು ಮಿಷನ್‌ನ ಗುರುತು ಇದೆ. ಚಿಕ್ಕಬಳ್ಳಾಪುರದ ಕಡೆ ಲಂಡನ್ ಮಿಷನ್ ಕೆಲಸ ಮಾಡಿತು, ತುಮಕೂರಿನ ಕಡೆ ವೆಸ್ಲಿಯನ್ ಮಿಷನ್, ಕೋಲಾರದಲ್ಲಿ ಅಮೆರಿಕದ ಮೆಥೊಡಿಸ್ಟರು. ಮೊದಲ ಎರಡು 1947ರಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಒಳಗೆ ಬಂದವು, ಕೋಲಾರದ ಮೆಥೊಡಿಸ್ಟರು ಬೇರೆಯಾಗಿಯೇ ಉಳಿದರು. ಊರಿನಲ್ಲೇ ಕನ್ನಡದಲ್ಲಿ ಸೇವಕರನ್ನು ತಯಾರು ಮಾಡುವ ಕೆಲಸವೂ ಹಿಂದೆ ಇಲ್ಲೇ ಹತ್ತಿರದಲ್ಲಿ ನಡೆಯುತ್ತಿತ್ತು. ತುಮಕೂರಿನಲ್ಲಿ ಯೂನಿಯನ್ ಕೆನರೀಸ್ ಸೆಮಿನರಿ ಇತ್ತು. ಅದು 1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯ ಜೊತೆ ಸೇರಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಆಯಿತು. ಈಗ ಇಲ್ಲಿನ ಸಭೆಗಳಿಗೆ ವಿದ್ಯಾರ್ಥಿಗಳು ದೂರದ ಹಾಸ್ಟೆಲ್‌ಗಳಿಂದ ವಾರಕ್ಕೊಮ್ಮೆ ಬಂದು ಹೋಗುವವರು. ಊರು ಅವರಿಗೆ ಗೊತ್ತಾಗೋದು ನಿಧಾನ.

ನಮ್ಮ ವಿದ್ಯಾರ್ಥಿ ಉತ್ತರ ಕರ್ನಾಟಕದವನು. ಅವನಿಗೆ ಬಿದ್ದದ್ದು ದ್ರಾಕ್ಷಿ ಸೀಮೆ. ಊರ ಸುತ್ತ ಕಲ್ಲುಕಂಬದ ಚಪ್ಪರಗಳು, ದಿಲ್‌ಖುಷ್ ಮತ್ತು ಬೆಂಗಳೂರು ಬ್ಲೂ. ಸಭೆಯ ಹೆಚ್ಚಿನ ಕುಟುಂಬಗಳಿಗೆ ಸ್ವಂತ ತೋಟ ಇಲ್ಲ. ಕಟಿಂಗ್ ಸಮಯದಲ್ಲಿ, ಹಣ್ಣು ಕೀಳುವಾಗ, ಕ್ರೇಟ್ ತುಂಬುವಾಗ ಕೂಲಿಗೆ ಹೋಗುತ್ತಾರೆ. ಬೆಳಗ್ಗೆ ಬಸ್ ಸ್ಟಾಪಿನಲ್ಲಿ ನಿಂತರೆ ಟೆಂಪೋ ಬರುತ್ತದೆ, ಮೇಸ್ತ್ರಿ ಎಣಿಸಿ ಹತ್ತಿಸಿಕೊಳ್ಳುತ್ತಾನೆ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಮತ್ತು ಚರ್ಚಿನಲ್ಲಿ ಕನ್ನಡ. ಮಕ್ಕಳು ಸಿಟ್ಟು ಬಂದಾಗ, ಖುಷಿಯಾದಾಗ ತೆಲುಗಿಗೆ ಜಾರುತ್ತಾರೆ.

ಸಂಡೇ ಸ್ಕೂಲನ್ನು ವರ್ಷಗಳಿಂದ ನಡೆಸಿಕೊಂಡು ಬಂದವರು ಸಭೆಯ ಒಬ್ಬ ಅಕ್ಕ. ಅಂಗನವಾಡಿ ಕಾರ್ಯಕರ್ತೆ. ವಿದ್ಯಾರ್ಥಿ ಬಂದ ಮೇಲೆ ಅವರು ದೊಡ್ಡ ಮಕ್ಕಳನ್ನು ಅವನಿಗೆ ಬಿಟ್ಟುಕೊಟ್ಟು, ಚಿಕ್ಕವರನ್ನು ಕರೆದುಕೊಂಡು ಬಾಗಿಲ ಹತ್ತಿರ ಕೂತರು. ‘ಬ್ರದರ್ ಓದಿಕೊಂಡು ಬಂದಿದ್ದಾರೆ, ನಾನೇನು ಹೇಳಲಿ’ ಅನ್ನುವ ಸಂಕೋಚ. ಕಾಲೇಜಿನ ಕಾಗದದಲ್ಲಿ ಈ ಅಕ್ಕನ ಹೆಸರಿಗೆ ಜಾಗವೇ ಇರಲಿಲ್ಲ. ಸ್ಥಳೀಯ ಮಾರ್ಗದರ್ಶಕರು ಅಂತ ಇದ್ದ ಕಾಲಂನಲ್ಲಿ ಅಯ್ಯನವರ ಸಹಿ. ಅವರ ಪಾಡಿಗೆ ಅವರಿಗೆ ನೋಡಿಕೊಳ್ಳಲು ಬೇರೆ ಸಭೆಗಳೂ ಇದ್ದವು. ಮಕ್ಕಳ ಕ್ಲಾಸ್ ನಡೆಯುವ ಹೊತ್ತಿಗೆ ಅವರು ಇನ್ನೊಂದು ಊರಿನಲ್ಲಿ ಆರಾಧನೆ ನಡೆಸುತ್ತಿರುತ್ತಿದ್ದರು.

ಎಡವಿದ ಪಾಠ

ಆ ಭಾನುವಾರದ ಪಾಠ ಬೈಬಲಿನ ಮತ್ತಾಯ 20ನೇ ಅಧ್ಯಾಯ, ದ್ರಾಕ್ಷಿ ತೋಟದ ಕೂಲಿಯಾಳುಗಳ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಯಜಮಾನ ಬೆಳಗಾಗುತ್ತಲೇ ಹೋಗಿ ಕೂಲಿಯವರನ್ನು ಕರೆಯುತ್ತಾನೆ. ಒಂಬತ್ತು ಗಂಟೆಗೆ, ಮಧ್ಯಾಹ್ನಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಕೊನೆಗೆ ಸಂಜೆ ಐದಕ್ಕೂ ಹೋಗುತ್ತಾನೆ. ಸಂಬಳ ಕೊಡುವಾಗ ಎಲ್ಲರಿಗೂ ಒಂದೇ ಕೂಲಿ. ಯಾವ ಊರಿನಲ್ಲಿ ಈ ಕಥೆ ಹೇಳುತ್ತಿದ್ದೇನೆ ಅಂತ ವಿದ್ಯಾರ್ಥಿ ಯೋಚಿಸಿರಲಿಲ್ಲ. ಅವನ ತಯಾರಿ ಟಿಪ್ಪಣಿ ನಾನು ನೋಡಿದ್ದೇನೆ. ವ್ಯಾಖ್ಯಾನ ಗ್ರಂಥದಿಂದ ಎರಡು ಪುಟ ಬರೆದುಕೊಂಡಿದ್ದ, ದೇವರ ಕೃಪೆಯ ಬಗ್ಗೆ ಮೂರು ಅಂಶ, ಕೊನೆಗೆ ಬಾಯಿಪಾಠದ ವಚನ. ಬಣ್ಣದ ಚಿತ್ರಗಳನ್ನೂ ಬರೆದುಕೊಂಡು ಬಂದಿದ್ದ. ಸೋಮಾರಿ ಹುಡುಗ ಅಲ್ಲವೇ ಅಲ್ಲ.

ಕಥೆ ಮುಗಿಯುವ ಮುಂಚೆಯೇ ಹತ್ತು ವರ್ಷದ ಹುಡುಗಿಯೊಬ್ಬಳು ‘ಅನ್ಯಾಯಂ ಕದಾ ಅನ್ನಾ’ ಅಂದಳು. ಕನ್ನಡದಲ್ಲಿ ಹೇಳು ಅಂದಾಗ, ‘ಅದು ಅನ್ಯಾಯ ಅಲ್ವಾ ಅಣ್ಣಾ?’ ಅಂತ ಮತ್ತೆ ಕೇಳಿದಳು. ಪಕ್ಕದ ಹುಡುಗ ‘ನಮ್ಮಮ್ಮ ಲೇಟಾಗಿ ಹೋದ್ರೆ ಅರ್ಧ ಕೂಲಿನೇ ಕೊಡೋದು’ ಅಂದ. ಇನ್ನೊಬ್ಬಳು, ಗಂಡಾಳಿಗೆ ಜಾಸ್ತಿ, ಹೆಣ್ಣಾಳಿಗೆ ಕಮ್ಮಿ ಅಂದಳು. ಒಬ್ಬ ಯಾವ ತೋಟದಲ್ಲಿ ಎಷ್ಟು ಕೊಡುತ್ತಾರೆ ಅಂತ ರೇಟನ್ನೇ ಹೇಳತೊಡಗಿದ. ಗಲಾಟೆ ಶುರುವಾಯಿತು.

ವಿದ್ಯಾರ್ಥಿ ಚಪ್ಪಾಳೆ ತಟ್ಟಿ ಸುಮ್ಮನಾಗಿಸಿದ. ‘ಇದು ಕೂಲಿ ಕಥೆ ಅಲ್ಲ, ಪರಲೋಕರಾಜ್ಯದ ಕಥೆ. ದೇವರ ಕೃಪೆ ಎಲ್ಲರಿಗೂ ಒಂದೇ. ಎಲ್ಲರೂ ಹೇಳಿ.’ ಎಲ್ಲರೂ ಹೇಳಿದರು. ಕಡೆಯವರು ಮೊದಲಿನವರಾಗುವ ವಚನವನ್ನು ನಾಲ್ಕೈದು ಸಲ ಹೇಳಿಸಿ, ಪ್ರಾರ್ಥನೆ ಮಾಡಿ ಕಳಿಸಿದ. ಆ ವಾರದ ವರದಿಯಲ್ಲಿ ಬರೆದದ್ದು ಇಷ್ಟು: ಪಾಠ ಮುಗಿಸಲಾಯಿತು, ಮಕ್ಕಳಲ್ಲಿ ಶಿಸ್ತಿನ ಕೊರತೆ ಇದೆ.

ಆ ಹುಡುಗಿ ಮುಂದಿನ ವಾರಗಳಲ್ಲಿ ಬರಲಿಲ್ಲ. ಅವಳ ತಮ್ಮ, ಚಿಕ್ಕಪ್ಪನ ಮಕ್ಕಳೂ ಬರಲಿಲ್ಲ. ಇದೊಂದು ಪಾಠದಿಂದಲೇ ಬಿಟ್ಟರು ಅಂತ ನಾನು ಹೇಳುವುದಿಲ್ಲ. ಅದು ಹಣ್ಣಿನ ಸಮಯ, ಅಮ್ಮಂದಿರು ಭಾನುವಾರವೂ ತೋಟಕ್ಕೆ ಹೋಗುತ್ತಿದ್ದರು, ದೊಡ್ಡ ಹುಡುಗಿಯರು ಮನೆ ನೋಡಿಕೊಳ್ಳಬೇಕಿತ್ತು. ಆದರೆ ಬೇರೆ ವರ್ಷಗಳಲ್ಲೂ ಹಣ್ಣಿನ ಸಮಯ ಇತ್ತು, ಆಗ ತಮ್ಮಂದಿರನ್ನು ಸೊಂಟದ ಮೇಲೆ ಕೂರಿಸಿಕೊಂಡಾದರೂ ಬರುತ್ತಿದ್ದರು ಅಂತ ಅಕ್ಕ ಹೇಳಿದರು.

ಎರಡು ಕಾಲಂನ ಹಾಳೆ

ನಾನು ಭೇಟಿಗೆ ಹೋದಾಗ ವಿದ್ಯಾರ್ಥಿಗೆ ಬೇಜಾರಾಗಿತ್ತು. ‘ಈ ಮಕ್ಕಳಿಗೆ ಆಸಕ್ತಿನೇ ಇಲ್ಲ ಸರ್’ ಅಂದ. ನಾನು ಬುದ್ಧಿ ಹೇಳಲು ಹೋಗಲಿಲ್ಲ. ಒಂದು ಹಾಳೆ ಕೊಟ್ಟು ನಡುವೆ ಗೆರೆ ಎಳೆಸಿದೆ. ಎಡಗಡೆ ಆ ದಿನ ನೀನು ಹೇಳಿದ್ದು, ಬಲಗಡೆ ಮಕ್ಕಳು ಹೇಳಿದ್ದು. ನೆನಪಿದ್ದಷ್ಟು, ಅವರವರ ಮಾತಿನಲ್ಲೇ ಬರಿ ಅಂದೆ.

ಈ ವಿಧಾನ ನನ್ನದಲ್ಲ. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ಪಾಸ್ಟರುಗಳ ತರಬೇತಿಯಿಂದ ಬಂದದ್ದು. 1925ರಲ್ಲಿ ಅಮೆರಿಕದ ಆಂಟನ್ ಬೋಯ್ಸನ್ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪುಸ್ತಕದ ಹಾಗೆ ಮನುಷ್ಯರನ್ನೂ ಗಮನವಿಟ್ಟು ಓದುವುದನ್ನು ಕಲಿಸಲು ಶುರು ಮಾಡಿದರು. ಭೇಟಿಯ ಮಾತುಕತೆಯನ್ನು ಹಾಗ್ಹಾಗೇ ಬರೆದು ಗುಂಪಿನಲ್ಲಿ ಚರ್ಚಿಸುವ ‘ವರ್ಬೇಟಿಮ್’ ಪದ್ಧತಿ ಆ ಚಳವಳಿಯಲ್ಲಿ ಬೆಳೆಯಿತು. ನಮ್ಮ ಕಾಲೇಜುಗಳಲ್ಲೂ ಆಪ್ತಸಮಾಲೋಚನೆ ಕಲಿಸುವಾಗ ಇದನ್ನು ಬಳಸುತ್ತೇವೆ. ಕ್ರೈಸ್ತ ಶಿಕ್ಷಣದ ಕ್ಲಾಸಿಗೆ ಮಾತ್ರ ಯಾಕೋ ತರುವುದಿಲ್ಲ. ಮಕ್ಕಳ ಜೊತೆಗಿನ ಮಾತುಕತೆ ಅಷ್ಟು ಗಂಭೀರ ಅಲ್ಲ ಅನ್ನೋ ಭಾವನೆ ಇರಬೇಕು.

ಎಡಗಡೆ ಹಾಳೆ ತುಂಬಿ ಹಿಂದಕ್ಕೂ ಹೋಯಿತು. ಬಲಗಡೆ ಐದಾರು ಸಾಲು. ಅವನು ಕೇಳಿದ ಪ್ರಶ್ನೆಗಳಿಗೆ ಕೆಳಗೆ ಗೆರೆ ಹಾಕು ಅಂದೆ. ‘ಯಜಮಾನ ಯಾರು?’ ‘ನಮ್ಮನ್ನು ಪ್ರೀತಿಸುವವರು ಯಾರು?’ ‘ಕೃಪೆ ಯಾರಿಂದ?’ ಎಲ್ಲದಕ್ಕೂ ಒಂದೇ ಉತ್ತರ. ಸಂಡೇ ಸ್ಕೂಲ್ ಮಕ್ಕಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತು, ಏನೇ ಕೇಳಿದರೂ ‘ಯೇಸು’ ಅಂದರೆ ಮುಗಿಯಿತು. ಆಮೇಲೆ ಮಕ್ಕಳು ಕೇಳಿದ ಪ್ರಶ್ನೆಗೆ ಗೆರೆ ಹಾಕಿಸಿದೆ. ಒಂದೇ ಇತ್ತು, ಅದಕ್ಕೆ ಅವನು ಉತ್ತರ ಕೊಟ್ಟಿರಲಿಲ್ಲ.

ಈಗ ಸತ್ಯವೇದ (ಬೈಬಲ್) ತೆಗೆದು ಅದೇ ಭಾಗ ಓದು ಅಂದೆ. ಹನ್ನೊಂದನೇ ವಚನಕ್ಕೆ ಬಂದಾಗ ಅವನ ದನಿ ಸಣ್ಣಗಾಯಿತು. ಬೆಳಗ್ಗೆಯಿಂದ ದುಡಿದವರು ಯಜಮಾನನ ಮೇಲೆ ಗೊಣಗುಟ್ಟುತ್ತಾರೆ. ಹನ್ನೆರಡರಲ್ಲಿ ಅವರ ಮಾತೇ ಇದೆ: ಇವರು ಒಂದೇ ಗಂಟೆ ಕೆಲಸ ಮಾಡಿದರು, ನಾವು ದಿನವೆಲ್ಲ ಬಿಸಿಲಲ್ಲಿ ಕಷ್ಟಪಟ್ಟೆವು, ಇಬ್ಬರಿಗೂ ಒಂದೇ ಕೊಟ್ಟೆಯಲ್ಲ ಅಂತ. ಹುಡುಗಿ ಕೇಳಿದ ಪ್ರಶ್ನೆ ಸತ್ಯವೇದದ ಒಳಗೇ ಇತ್ತು. ಯೇಸು ಆ ಗೊಣಗಾಟವನ್ನು ಕಥೆಯಿಂದ ತೆಗೆದುಹಾಕಿಲ್ಲ. ಯಜಮಾನ ಅದಕ್ಕೆ ಉತ್ತರ ಕೊಡುತ್ತಾನೆ, ಅದೂ ‘ಸ್ನೇಹಿತನೇ’ ಅಂತ ಕರೆದು. ನಮ್ಮ ವಿದ್ಯಾರ್ಥಿ ಟಿಪ್ಪಣಿಯಲ್ಲಿ ಹತ್ತನೇ ವಚನದಿಂದ ಹದಿನಾರಕ್ಕೆ ಹಾರಿದ್ದ. ಸಮಯ ಉಳಿಸಲು.

ಇದು ಅವನೊಬ್ಬನ ಕಥೆ ಆಗಿದ್ದರೆ ಬರೆಯುತ್ತಿರಲಿಲ್ಲ. ನಮ್ಮ ತರಬೇತಿ ಉತ್ತರ ಕೊಡುವವರನ್ನು ತಯಾರು ಮಾಡುತ್ತದೆ. ಪ್ರಸಂಗ ಕಲಿಸುವಾಗ ಪೀಠಿಕೆ, ಮೂರು ಅಂಶ, ಅನ್ವಯ ಅಂತ ತಿದ್ದಿ ತೀಡುತ್ತೇವೆ. ಪ್ರಸಂಗದ ನಡುವೆ ಯಾರೂ ಎದ್ದು ‘ಅನ್ಯಾಯ ಅಲ್ವಾ’ ಅಂತ ಕೇಳುವುದಿಲ್ಲ. ಕ್ಲಾಸಿನಲ್ಲಿ ಕೇಳುತ್ತಾರೆ. ಕೇಳಿದ್ದನ್ನು ಅಡ್ಡಿ ಅಂದುಕೊಳ್ಳುವುದೋ ಪಾಠದ ಭಾಗ ಅಂದುಕೊಳ್ಳುವುದೋ, ಅದನ್ನು ಯಾವ ಪರೀಕ್ಷೆಯಲ್ಲೂ ನಾವು ಕೇಳಿಲ್ಲ. ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ 1780ರಲ್ಲಿ ಸಂಡೇ ಸ್ಕೂಲ್ ಶುರು ಮಾಡಿದ್ದೇ ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸಲು ಅನ್ನೋದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪದೆ ಬರೆಯುತ್ತಾರೆ. ಇವನೂ ಬರೆದು ಒಳ್ಳೇ ಅಂಕ ತೆಗೆದಿದ್ದ.

ಅಕ್ಕನ ಜೊತೆ ಮನೆ ಭೇಟಿ

ಮುಂದಿನ ಕೆಲವು ವಾರ ಹೊಸ ಪಾಠ ಬೇಡ, ಹಾಡು ಆಟ ಅಕ್ಕ ನಡೆಸಲಿ ಅಂದೆ. ಶನಿವಾರ ಸ್ವಲ್ಪ ಬೇಗ ಬಂದು ಅಕ್ಕನ ಜೊತೆ ಮಕ್ಕಳ ಮನೆಗೆ ಹೋಗಬೇಕು. ಅಲ್ಲಿ ಪ್ರಸಂಗ ಮಾಡುವ ಹಾಗಿಲ್ಲ. ಪ್ರಾರ್ಥನೆ ಮಾಡಿ ಅಂದರೆ ಚಿಕ್ಕದಾಗಿ. ಈ ಷರತ್ತು ಅವನಿಗೆ ತುಂಬಾ ಕಷ್ಟವಾಯಿತು, ಪಾಪ.

ಅಕ್ಕನ ಮನೆ ಭೇಟಿ ನೋಡಬೇಕು. ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ‘ಏನಮ್ಮಾ, ಇವತ್ತು ಯಾವ ತೋಟ?’ ಅಂತಲೇ ಶುರು. ಆ ತೋಟದಲ್ಲಿ ಔಷಧಿ ಹೊಡೆದ ಮೇಲೆ ಕೈಗೆ ತುರಿಕೆ ಬಂದದ್ದು, ಮೇಸ್ತ್ರಿ ಹೋದ ವಾರದ ದುಡ್ಡು ಇನ್ನೂ ಕೊಡದೇ ಇರುವುದು, ಮಗಳು ಮುಟ್ಟಾದ ಮೇಲೆ ಹೊರಗೆ ಕಳಿಸಲು ಅತ್ತೆ ಒಪ್ಪದಿರುವುದು, ಎಲ್ಲ ಹತ್ತು ನಿಮಿಷದಲ್ಲಿ ಹೊರಗೆ ಬರುತ್ತಿತ್ತು. ಸಂಡೇ ಸ್ಕೂಲ್ ಮಾತು ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ. ವಿದ್ಯಾರ್ಥಿ ಆಮೇಲೆ ತನ್ನ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಓದಿದಾಗ ಅವನ ಮೊದಲಿನ ವರದಿಗಳಿಗಿಂತ ಹತ್ತು ಪಟ್ಟು ಹುರುಳಿತ್ತು. ಬಲಗಡೆ ಕಾಲಂ ತುಂಬುತ್ತಿತ್ತು.

ಆ ಹುಡುಗಿಯ ಮನೆಗೂ ಹೋದರು. ಅವಳಿಗೆ ಇವನ ಮೇಲೆ ಸಿಟ್ಟೇನೂ ಇರಲಿಲ್ಲ. ‘ಅಣ್ಣ ಬೈತಾರೆ ಅಂತ ಬರಲಿಲ್ಲ’ ಅಂದಳಂತೆ, ಅಷ್ಟೇ.

ಅದೇ ಪಾಠ, ಇನ್ನೊಂದು ಸಲ

ಅದೇ ಸಾಮ್ಯವನ್ನು ಮತ್ತೆ ತೆಗೆದುಕೊಂಡ. ನಾನು ಹಿಂದೆ ಕೂತಿದ್ದೆ. ಈ ಸಲ ಬೋರ್ಡಿನ ಮೇಲೆ ಒಂದು ಗಡಿಯಾರ ಮಾತ್ರ ಬರೆದ. ‘ಬೆಳಗ್ಗೆ ಟೆಂಪೋ ಹೋಯಿತು. ಸಂಜೆ ಐದು ಗಂಟೆ ಆದರೂ ಇನ್ನೂ ಯಾರೋ ನಿಂತಿದ್ದಾರೆ. ಯಾರಿರಬಹುದು?’ ಅಂತ ಕೇಳಿ, ಸುಮ್ನೆ ನಿಂತ. ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರುವುದು ಅವನಿಗೆ ಎಷ್ಟು ಕಷ್ಟ ಅಂತ ಮುಖದಲ್ಲೇ ಗೊತ್ತಾಗುತ್ತಿತ್ತು.

‘ಕುಡಿದು ಬಂದವರು’ ಅಂದ ಒಬ್ಬ. ನಗು. ‘ಕಾಲು ನೋವಿರೋರು’ ಅಂತ ಇನ್ನೊಬ್ಬಳು. ಆಮೇಲೆ ಒಬ್ಬ ಚಿಕ್ಕ ಹುಡುಗ, ‘ನಮ್ಮಜ್ಜಿ’ ಅಂದ. ‘ಕೈ ನಿಧಾನ ಅಂತ ಮೇಸ್ತ್ರಿ ಹತ್ತಿಸಿಕೊಳ್ಳಲ್ಲ. ಆದ್ರೂ ದಿನಾ ಹೋಗಿ ನಿಂತ್ಕೊತಾಳೆ.’ ವಿದ್ಯಾರ್ಥಿ ಏಳನೇ ವಚನ ಓದಿದ. ಯಾಕೆ ಸುಮ್ಮನೆ ನಿಂತಿದ್ದೀರಿ ಅಂದಾಗ, ಯಾರೂ ನಮ್ಮನ್ನು ಕೂಲಿಗೆ ಕರೆಯಲಿಲ್ಲ ಅಂತ ಅವರು ಹೇಳುವ ಮಾತು. ಕ್ಲಾಸ್ ಗಪ್‌ಚುಪ್.

ಇಲ್ಲೇ ಅವನ ವ್ಯಾಖ್ಯಾನ ಗ್ರಂಥ ಉಪಯೋಗಕ್ಕೆ ಬಂತು. ಪುಸ್ತಕ ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆ ಕಾಲದಲ್ಲಿ ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ, ಮನೆಯವರ ಹೊಟ್ಟೆಗೆ ಆ ದಿನ ಬೇಕಾದದ್ದು ಅಂತ ವಿವರಿಸಿದ. ಅರ್ಧ ಕೊಟ್ಟಿದ್ದರೆ ಅಜ್ಜಿಯ ಮನೆಯಲ್ಲಿ ಏನಾಗುತ್ತಿತ್ತು ಅಂತ ಮಕ್ಕಳೇ ಮುಂದುವರಿಸಿದರು.

ಹಳೇ ಹುಡುಗಿ ಬಂದಿದ್ದಳು. ಅವಳು ಒಪ್ಪಲಿಲ್ಲ. ‘ಸರಿ, ಅಜ್ಜಿಗೆ ಕೊಡಲಿ. ಬೆಳಗ್ಗೆಯಿಂದ ಮಾಡಿದವರಿಗೆ ಇನ್ನೊಂದು ಸ್ವಲ್ಪ ಜಾಸ್ತಿ ಕೊಡಬಹುದಿತ್ತಲ್ಲ?’ ಅಂದಳು. ಅವನು ಅವಳ ಕೈಗೇ ಸತ್ಯವೇದ ಕೊಟ್ಟು ಹನ್ನೊಂದು, ಹನ್ನೆರಡನೇ ವಚನ ಓದಿಸಿದ. ‘ನಿನ್ನ ಥರಾನೇ ಅವರೂ ಕೇಳಿದ್ದಾರೆ ನೋಡು. ಯಜಮಾನ ಬೈದು ಕಳಿಸಲಿಲ್ಲ, ಮಾತಾಡಿಸಿದ. ಅವನ ಉತ್ತರ ನಿನಗೆ ಸರಿ ಅನ್ನಿಸುತ್ತಾ, ಮನೆಯಲ್ಲಿ ಅಮ್ಮನನ್ನು ಕೇಳ್ಕೊಂಡು ಬಾ.’ ಪಾಠ ಅಲ್ಲಿಗೆ ನಿಂತಿತು. ಮೂರು ಅಂಶವೂ ಇಲ್ಲ, ಅನ್ವಯವೂ ಇಲ್ಲ.

ಮುಂದಿನ ವಾರ ಕೆಲವು ಅಮ್ಮಂದಿರ ಅಭಿಪ್ರಾಯ ಬಂತು. ಅರ್ಧ ಜನ ಯಜಮಾನನ ಕಡೆ, ಅರ್ಧ ಜನ ಬೆಳಗ್ಗೆಯ ಕೂಲಿಯವರ ಕಡೆ. ಒಬ್ಬರಂತೂ ‘ಅಂಥ ಯಜಮಾನ ಸಿಕ್ಕರೆ ನಾವೂ ಸಂಜೆ ಐದಕ್ಕೇ ಹೋಗ್ತೀವಿ ಅಂತ ಬ್ರದರಿಗೆ ಹೇಳು’ ಅಂತ ಹೇಳಿಕಳಿಸಿದ್ದರು.

ಅಯ್ಯನವರ ತಕರಾರು

ಅಯ್ಯನವರಿಗೆ ಇದೆಲ್ಲ ಅಷ್ಟಾಗಿ ಹಿಡಿಸಲಿಲ್ಲ. ವಲಯದ ಸಂಡೇ ಸ್ಕೂಲ್ ಸ್ಪರ್ಧೆ ಹತ್ತಿರ ಬರುತ್ತಿತ್ತು. ಬಾಯಿಪಾಠ, ಬೈಬಲ್ ಕ್ವಿಜ್, ಹಾಡು. ಸಭೆಗೆ ಪ್ರತಿ ವರ್ಷ ಏನಾದರೂ ಬಹುಮಾನ ಬರುತ್ತಿತ್ತು. ‘ಚರ್ಚೆ ಮಾಡಿ, ಬೇಡ ಅನ್ನಲ್ಲ. ಆದರೆ ವಚನ ಬಾಯಿಗೆ ಬರದಿದ್ದರೆ ಕಷ್ಟಕಾಲದಲ್ಲಿ ಮಕ್ಕಳಿಗೆ ನೆನಪಿಗೆ ಬರೋದು ಏನು?’ ಅಂತ ಕೇಳಿದರು. ಈ ಮಾತನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಆಸ್ಪತ್ರೆಯಲ್ಲಿ ಓದುಬರಹ ಬಾರದ ಅಜ್ಜಿಯಂದಿರು 23ನೇ ಕೀರ್ತನೆಯನ್ನು ಮೊದಲಿಂದ ಕೊನೆವರೆಗೆ ಹೇಳುವುದನ್ನು ಕೇಳಿದವರಿಗೆ ಬಾಯಿಪಾಠ ಅಂದರೆ ಹಗುರ ಅನ್ನಿಸಲ್ಲ. ಕೊನೆಗೆ ಅಕ್ಕ ದಾರಿ ತೋರಿಸಿದರು. ಪಾಠದಲ್ಲಿ ಮಕ್ಕಳು ಯಾವ ವಚನದ ಮೇಲೆ ಜಗಳವಾಡಿದರೋ ಅದನ್ನೇ ಬಾಯಿಪಾಠಕ್ಕೆ ಕೊಡೋಣ ಅಂದರು. ಆ ವರ್ಷ ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ, ಯಾಕೆಂದರೆ ಅಲ್ಲಿ ಕೇಳುವ ವಚನಗಳ ಪಟ್ಟಿಯೇ ಬೇರೆ. ಸಭೆಯ ಹಿರಿಯರು ಇದನ್ನು ಇನ್ನೂ ಮರೆತಿಲ್ಲ.

ಶಾಲೆಯ ಪೀರಿಯಡ್ ಮತ್ತು ವಿ.ಬಿ.ಎಸ್.

ಇದೇ ಅವಧಿಯಲ್ಲಿ ಹತ್ತಿರದ ಮಿಷನ್ ಶಾಲೆಯೊಂದು ಶನಿವಾರ ನೀತಿಪಾಠದ ಪೀರಿಯಡ್ ತೆಗೆದುಕೊಳ್ಳಲು ಇವನನ್ನು ಕರೆಯಿತು. ಸಂಡೇ ಸ್ಕೂಲ್ ಪಾಠವನ್ನೇ ಅಲ್ಲೂ ಮಾಡುತ್ತೇನೆ ಅಂದ. ಬೇಡ ಅಂದೆ. ಅಲ್ಪಸಂಖ್ಯಾತರು ಶಾಲೆ ನಡೆಸಬಹುದು ಅಂತ ಸಂವಿಧಾನದ 30ನೇ ವಿಧಿ ಹೇಳುತ್ತದೆ. ಅದೇ ಸಂವಿಧಾನದ 28ನೇ ವಿಧಿಯ ಮೂರನೇ ಉಪವಿಧಿ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಅನ್ನುತ್ತದೆ. ಕಾನೂನು ಬಿಟ್ಟರೂ, ಎಲ್ಲ ಧರ್ಮದ ಮನೆಗಳ ಮಕ್ಕಳೂ ಇರುವ ಕ್ಲಾಸಿನಲ್ಲಿ ಮೇಷ್ಟ್ರ ಕೆಲಸ ಬೇರೆ, ಸಭೆಯಲ್ಲಿ ಬೇರೆ. ಈ ವ್ಯತ್ಯಾಸವನ್ನು ಕ್ರೈಸ್ತ ಶಿಕ್ಷಣದ ಮೊದಲ ವಾರದಲ್ಲೇ ಹೇಳಿಕೊಡಬೇಕು.

ವಿ.ಬಿ.ಎಸ್.ಗೆ ಅಕ್ಕಪಕ್ಕದ ಮಕ್ಕಳೂ ಬರುತ್ತೇವೆ ಅಂದರು. ಆಟ, ಹಾಡು, ತಿಂಡಿ ಇದೆ ಅಂದರೆ ಯಾರು ಬರಲ್ಲ? ಸಂಖ್ಯೆ ಜಾಸ್ತಿ ತೋರಿಸುವ ಆಸೆ ಅವನಿಗಿತ್ತು. ಅಪ್ಪ ಅಮ್ಮ ಬಂದು ಸಹಿ ಹಾಕಿದ ಮಕ್ಕಳು ಮಾತ್ರ ಅಂತ ಅಕ್ಕ ಖಡಾಖಂಡಿತವಾಗಿ ಹೇಳಿದರು. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಯಾರನ್ನೂ ಒಂಟಿಯಾಗಿ ಕೋಣೆಗೆ ಕರೆಯಬಾರದು ಅನ್ನೋದು ನಮ್ಮ ಷರತ್ತು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ತಿಳಿದುಬಂದವರು ಪೊಲೀಸರಿಗೆ ತಿಳಿಸಲೇಬೇಕು, ಸಭೆಯ ಮರ್ಯಾದೆ ಅಂತ ಮುಚ್ಚಿಡುವಂತಿಲ್ಲ. ಅಂಗನವಾಡಿ ಅಕ್ಕನಿಗೆ ಇದು ಇಲಾಖೆಯ ತರಬೇತಿಯಲ್ಲೇ ಗೊತ್ತಿತ್ತು. ಬಿ.ಡಿ. ವಿದ್ಯಾರ್ಥಿ ಅದನ್ನು ಅವರಿಂದಲೇ ಮೊದಲು ಕೇಳಿದ್ದು.

ಅಂಕ

ಮೌಲ್ಯಮಾಪನ ಫಾರಂನಲ್ಲಿ ಸಮಯಪಾಲನೆ, ಉಡುಪು, ಪ್ರಸಂಗ, ಮನೆ ಭೇಟಿಗಳ ಸಂಖ್ಯೆ, ಮಕ್ಕಳ ಹಾಜರಿ ಅಂತ ಕಾಲಂಗಳಿದ್ದವು. ಹಾಜರಿ ವರ್ಷದ ಕೊನೆಗೂ ಮೊದಲಿನಷ್ಟು ಆಗಿರಲಿಲ್ಲ. ಫಾರಂ ಪ್ರಕಾರ ಹಾಕಿದ್ದರೆ ಇವನಿಗೆ ಸಾಧಾರಣ ಅಂಕ ಬರುತ್ತಿತ್ತು. ಎರಡೂ ಪಾಠದ ಎರಡು ಕಾಲಂ ಹಾಳೆಗಳನ್ನು ಫಾರಂಗೆ ಲಗತ್ತಿಸಿ, ಅವುಗಳ ಆಧಾರದ ಮೇಲೆ ಒಳ್ಳೇ ಅಂಕ ಹಾಕಿದೆ. ಕಾಲೇಜಿನ ನಮ್ಮ ವಿಭಾಗದಲ್ಲಿ ಸ್ವಲ್ಪ ವಾದವಾಯಿತು. ಒಬ್ಬ ಸಹೋದ್ಯೋಗಿ, ಮಕ್ಕಳು ಕೂಲಿ ರೇಟು ಮಾತಾಡಿದ್ದನ್ನು ಕ್ರೈಸ್ತ ಶಿಕ್ಷಣ ಅಂತ ಹೇಗೆ ಕರೆಯುತ್ತೀರಿ ಅಂತ ಕೇಳಿದರು. ಯೇಸುವೇ ಕೂಲಿ ರೇಟಿನಿಂದ ಕಥೆ ಶುರು ಮಾಡಿದ್ದಾರಲ್ಲ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ.

ವಿದ್ಯಾರ್ಥಿಯ ಪ್ರಸಂಗಗಳು ಈಚೆಗೆ ಚಿಕ್ಕದಾಗಿವೆಯಂತೆ. ಮೊದಲಿನ ಜೋರು ಇಲ್ಲ ಅಂತ ಫೋನ್ ಮಾಡಿದ್ದ ಹಿರಿಯರಿಗೆ ಬೇಸರ.

ಮುಂದಿನ ಬ್ಯಾಚಿಗೆ ಎರಡು ಪ್ರಸ್ತಾಪ ಇಟ್ಟಿದ್ದೇವೆ. ಎರಡು ಕಾಲಂ ಹಾಳೆ ತಿಂಗಳಿಗೊಂದು ಕಡ್ಡಾಯ ಅನ್ನೋದು ಮಂಜೂರಾಯಿತು. ಸಂಡೇ ಸ್ಕೂಲ್ ನಡೆಸುವ ಅಕ್ಕಂದಿರನ್ನು ಅಧಿಕೃತವಾಗಿ ಸಹ ಮಾರ್ಗದರ್ಶಕರು ಅಂತ ನೇಮಿಸಿ, ಅವರ ಸಹಿಗೂ ಫಾರಂನಲ್ಲಿ ಜಾಗ ಕೊಟ್ಟು, ಸಣ್ಣ ಗೌರವಧನ ಕೊಡಬೇಕು ಅನ್ನೋದು ಹಣಕಾಸು ಸಮಿತಿಯ ಮುಂದಿದೆ. ಬಿ.ಡಿ. ಓದದವರು ಬಿ.ಡಿ. ವಿದ್ಯಾರ್ಥಿಗೆ ಅಂಕ ಹಾಕಬಹುದೇ ಅನ್ನೋ ಪ್ರಶ್ನೆ ಎದ್ದಿದೆ, ಇನ್ನೂ ತೀರ್ಮಾನವಾಗಿಲ್ಲ.